ಮನೆ ಖಾಲಿ ಮಾಡಿ ನೋಡು

ಬೆಂಗಳೂರಿನಲ್ಲಿ ಹಳೇ ಮನೆ ಮಾರಲು ಹೊರಟವನಿಗೆ ಮೂರು ಕಡೆಯಿಂದ ಸಲಹೆ ಬರುತ್ತದೆ. ‘ಮನೆ ಸ್ವಲ್ಪ ಖಾಲಿ ಖಾಲಿಯಾಗಿ ಕಾಣ್ಬೇಕು ಸಾರ್’ ಎನ್ನುತ್ತಾನೆ ಬ್ರೋಕರ್. ‘ಈಶಾನ್ಯದಲ್ಲಿ ಭಾರ ಇರಬಾರದು’ ಎನ್ನುತ್ತಾರೆ ವಾಸ್ತುವಿನವರು. ‘ಅಪ್ಪಾ, ಡಿಕ್ಲಟರ್ ಮಾಡಿ’ ಎನ್ನುತ್ತಾಳೆ ವಿದೇಶದಲ್ಲಿರುವ ಮಗಳು. ಮೂವರೂ ಹೇಳುವುದು ಒಂದೇ: ಅಟ್ಟದಲ್ಲಿರುವುದನ್ನು ಇಳಿಸಿ. ಮಗಳ ಸಲಹೆ ಉಚಿತ, ವಾಸ್ತುವಿನವರಿಗೆ ತಟ್ಟೆಯಲ್ಲಿ ದಕ್ಷಿಣೆ, ಬ್ರೋಕರನಿಗೆ ಎರಡು ಪರ್ಸೆಂಟ್. ಅಟ್ಟ ಹತ್ತುವವನಿಗೆ ಮಾತ್ರ ಏನೂ ಇಲ್ಲ. ಅವನಿಗೆ ಸಿಗುವುದು ಸೀನು.

ನಮ್ಮದು ಮಹಾಲಕ್ಷ್ಮಿ ಲೇಔಟಿನ ಮೂವತ್ತು–ನಲವತ್ತರ ಸೈಟು. ಅಪ್ಪ ಎಪ್ಪತ್ತರ ದಶಕದ ಕೊನೆಯಲ್ಲಿ ಕಟ್ಟಿಸಿದ ಮನೆ. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಸರಳು ಹಾಕಿದ ಕಿಟಕಿ, ಮುಂದೆ ಒಂದು ತೆಂಗಿನ ಮರ. ಮೊದಲೆಲ್ಲ ತಾರಸಿ ಹತ್ತಿದರೆ ಪ್ರಸನ್ನ ವೀರಾಂಜನೇಯಸ್ವಾಮಿ ದೇವಸ್ಥಾನದ ಕಡೆ ನಿಂತು ಕೈ ಮುಗಿಯಬಹುದಿತ್ತು. ಈಗ ಆ ದಿಕ್ಕಿಗೆ ಕೈ ಮುಗಿದರೆ ಎದುರುಮನೆಯ ನಾಲ್ಕನೇ ಮಹಡಿಯಲ್ಲಿ ಒಣಗಿಸಿದ ಲುಂಗಿಗೆ ನಮಸ್ಕಾರ ಸಲ್ಲುತ್ತದೆ. ಒಳಗಿರುವ ಸ್ವಾಮಿ 22 ಅಡಿ ಎತ್ತರ. ಆದರೂ ನಮ್ಮ ಬೀದಿಯ ಫ್ಲೋರುಗಳ ಮುಂದೆ ಅವನೂ ಸೋತ.

ಅಮ್ಮನಿಗೆ ಮೆಟ್ಟಿಲು ಆಗುವುದಿಲ್ಲ, ನನಗೆ ಮಂಡಿ ಆಗುವುದಿಲ್ಲ, ನಮ್ಮ ಗೇಟಿನ ಮುಂದೆ ಯಾರದೋ ಕಾರು ನಿಲ್ಲದ ದಿನವಿಲ್ಲ. ಹಾಗಾಗಿ ಕೆಂಗೇರಿ ಉಪನಗರದ ಹತ್ತಿರ ಲಿಫ್ಟಿರುವ ಎರಡು ಬೆಡ್‌ರೂಮಿನ ಫ್ಲಾಟ್ ನೋಡಿದೆವು. ನಮ್ಮ ಮಹಾಲಕ್ಷ್ಮಿ ಸ್ಟೇಷನ್ನಿಗೆ ಮೆಟ್ರೋ ಬಂದದ್ದು 2014ರಲ್ಲಿ, ಕೆಂಗೇರಿಗೆ 2021ರಲ್ಲಿ. ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನಿನಿಂದ ನೇರಳೆ ಲೈನಿಗೆ ಇಳಿದು ಹತ್ತಿದರೆ ಆಯಿತು. ಮನೆ ಬದಲಾಯಿಸುವುದೂ ಇಷ್ಟೇ ಸಲೀಸು ಎಂದು ನಾನು ನಂಬಿದ್ದೆ. ಫ್ಲಾಟಿನಲ್ಲಿ ಎಲ್ಲವೂ ಇತ್ತು: ಜಿಮ್, ಈಜುಕೊಳ, ಯಾರೂ ಬಳಸದ ಪಾರ್ಟಿ ಹಾಲ್. ಅಟ್ಟ ಮಾತ್ರ ಇರಲಿಲ್ಲ. ‘ಅಟ್ಟ ಇಲ್ಲದ ಮನೇಲಿ ಮನುಷ್ಯರು ಹ್ಯಾಗ್ರೀ ಇರ್ತಾರೆ?’ ಎಂದು ನಮ್ಮಾಕೆ ಬಿಲ್ಡರನ ಹುಡುಗನನ್ನೇ ಕೇಳಿದಳು. ಅವನಿಗೆ ಅಟ್ಟ ಎಂದರೇನೆಂದು ವಿವರಿಸಬೇಕಾಯಿತು.

ನನ್ನ ಹಿನ್ನೆಲೆ ಸ್ವಲ್ಪ ಹೇಳಬೇಕು. ನಾನು ಬ್ಯಾಂಕಿನಲ್ಲಿದ್ದವನು. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಸಾಲ ಕೊಟ್ಟು, ತಿಂಗಳಿಗೊಮ್ಮೆ ಅವರ ಗೋದಾಮಿಗೆ ಹೋಗಿ ಸ್ಟಾಕ್ ಇನ್‌ಸ್ಪೆಕ್ಷನ್ ಮಾಡುವುದು ನನ್ನ ಕೆಲಸವಾಗಿತ್ತು. ‘ಹಳೇ ಸ್ಟಾಕ್ ಯಾಕ್ರೀ ಇಟ್ಕೊಂಡಿದ್ದೀರಿ? ವಿಲೇವಾರಿ ಮಾಡಿ’ ಎಂದು ಅದೆಷ್ಟು ಜನರನ್ನು ಗದರಿಸಿದ್ದೆನೋ. ಅಂಥವನಿಗೆ ಒಂದು ಮನೆ ಖಾಲಿ ಮಾಡುವುದು ಯಾವ ಲೆಕ್ಕ? ಹೌದು, ಲೆಕ್ಕ. ಮೊದಲು ನಾನು ಮಾಡಿದ ಕೆಲಸವೇ ಅದು. ಒಂದು ದಪ್ಪ ರಿಜಿಸ್ಟರ್ ಕೊಂಡು ತಂದು, ಕೆಂಪು ಶಾಯಿಯಲ್ಲಿ ಗೆರೆ ಹಾಕಿ, ‘ಕ್ರಮ ಸಂಖ್ಯೆ, ವಸ್ತುವಿನ ವಿವರ, ಮೂಲ ಮಾಲೀಕರು, ಸ್ಥಿತಿ, ವಿಲೇವಾರಿ, ಷರಾ’ ಎಂದು ಕಾಲಮ್ಮು ಮಾಡಿದೆ. ಖಾಲಿ ಮಾಡುವ ಕೆಲಸ ಮನೆಗೆ ಒಂದು ಹೊಸ ವಸ್ತು ತರುವುದರೊಂದಿಗೆ ಶುಭಾರಂಭವಾಯಿತು.

ಮಗಳು ಸ್ವೀಡನ್ನಿನಲ್ಲಿದ್ದಾಳೆ. ಅವಳು ಮೊದಲು ಶಿಫಾರಸು ಮಾಡಿದ್ದು ಜಪಾನಿನ ಮರಿ ಕೊಂಡೊ ಅವರ ವಿಧಾನವನ್ನು. 2014ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕ ಲೋಕವನ್ನೆಲ್ಲ ಗುಡಿಸಿ ಹಾಕಿದೆ. ವಿಧಾನ ಸುಲಭ: ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿಯಬೇಕು. ಮನಸ್ಸಿನಲ್ಲಿ ಸಂತೋಷ ಹುಟ್ಟಿದರೆ ಇಟ್ಟುಕೊಳ್ಳಬೇಕು. ಹುಟ್ಟದಿದ್ದರೆ ಅದಕ್ಕೊಂದು ಥ್ಯಾಂಕ್ಸ್ ಹೇಳಿ ಕಳಿಸಿಬಿಡಬೇಕು. ಸ್ಪೀಕರ್ ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಅಮ್ಮ, ‘ಹೆಸರಲ್ಲೇ ಕೊಂಡೋ ಕೊಂಡೋ ಅಂತ ಇಟ್ಕೊಂಡು ಬಿಸಾಕು ಅಂತಾಳಲ್ಲೋ ಆ ಹುಡುಗಿ!’ ಎಂದು ಮೂಗಿನ ಮೇಲೆ ಬೆರಳಿಟ್ಟಳು.

ಪ್ರಯೋಗ ಮಾಡಿಯೇ ಬಿಡೋಣವೆಂದು ಹಿತ್ತಾಳೆಯ ಕೊಳದಪ್ಪಲೆ ಎತ್ತಿದೆ. ಸಂತೋಷ ಹುಟ್ಟಲಿಲ್ಲ, ಸೊಂಟದಲ್ಲಿ ಏನೋ ಹುಟ್ಟಿತು. ಕರೆಂಟ್ ಬಿಲ್ಲು ಹಿಡಿದೆ, ಸಂತೋಷದ ಸುಳಿವಿಲ್ಲ. ಆಧಾರ್ ಕಾರ್ಡ್ ಹಿಡಿದೆ. ಅದರಲ್ಲಿನ ನನ್ನ ಫೋಟೋ ನೋಡಿ ಇದ್ದ ಸಂತೋಷವೂ ಹೋಯಿತು. ಈ ವಿಧಾನದಂತೆ ನಡೆದರೆ ಮನೆಯಲ್ಲಿ ಉಳಿಯುವುದು ಟೀವಿ ರಿಮೋಟು ಮತ್ತು ಹುರಿಗಾಳಿನ ಡಬ್ಬಿ ಮಾತ್ರ. ಅದರ ಮೇಲೆ ನಮ್ಮಾಕೆ, ‘ನಿಮ್ಮನ್ನ ಕೈಲಿ ಹಿಡಿದು ನೋಡ್ಲಾ?’ ಎಂದು ಕೇಳಿದ್ದರಿಂದ ಜಪಾನನ್ನು ಅಲ್ಲಿಗೇ ಕೈಬಿಟ್ಟೆ.

ಮಗಳು ಕೂಡಲೇ ತಾನಿರುವ ದೇಶದ ಪದ್ಧತಿಗೆ ಬಂದಳು. ಸ್ವೀಡನ್ನಿನವರು ವಯಸ್ಸಾಗುತ್ತಿದ್ದಂತೆ, ತಾವು ಸತ್ತ ಮೇಲೆ ಮಕ್ಕಳಿಗೆ ರಗಳೆಯಾಗದಿರಲಿ ಎಂದು ಬದುಕಿರುವಾಗಲೇ ತಮ್ಮ ಸಾಮಾನು ಹಂಚಿ ಮುಗಿಸುತ್ತಾರಂತೆ. ಮಾರ್ಗರೆಟಾ ಮ್ಯಾಗ್ನುಸನ್ ಎಂಬಾಕೆ 2017ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಬರೆದಿದ್ದಾರೆ. ‘ಸಾವಿನ ಮುಂಚಿನ ಕ್ಲೀನಿಂಗ್’ ಎಂದು ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅಮ್ಮ ‘ಬಿಡ್ತು ಅನ್ನು!’ ಎಂದು ಕೂಗಿ ದೇವರ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿದಳು. ಸ್ವೀಡನ್ನೂ ಮುಗಿಯಿತು. ಮೂರನೇ ಮಗು ಹುಟ್ಟಿದ ಮೇಲೆ ಮನೆ ಓರಣ ಮಾಡುವುದನ್ನು ತಾನೇ ಹೆಚ್ಚುಕಡಿಮೆ ಬಿಟ್ಟುಬಿಟ್ಟಿರುವುದಾಗಿ ಕೊಂಡೊ 2023ರಲ್ಲಿ ಹೇಳಿದರಂತೆ. ಆ ಸುದ್ದಿ ನಮಗೆ ತಲುಪುವ ಹೊತ್ತಿಗೆ ಅಟ್ಟದ ಅರ್ಧ ಭಾಗ ಹಾಲಿನ ನಡುವೆ ಇಳಿದಾಗಿತ್ತು.

ಇಳಿದದ್ದನ್ನು ನೋಡಿದ ಮೇಲೆಯೇ ನನಗೆ ತಿಳಿದದ್ದು, ನಮ್ಮ ಅಟ್ಟದಲ್ಲಿ ನಮ್ಮದು ಎನ್ನುವುದು ಬಹಳ ಕಡಿಮೆ ಎಂದು. ರಿಜಿಸ್ಟರಿನ ‘ಮೂಲ ಮಾಲೀಕರು’ ಕಾಲಮ್ಮು ತುಂಬುತ್ತಾ ಹೋಯಿತು. ಚಿಕ್ಕಪ್ಪನಿಗೆ ಭಿಲಾಯಿಗೆ ವರ್ಗವಾದಾಗ ಇಟ್ಟುಹೋದ ಟ್ರಂಕು. ಸೋದರತ್ತೆ ಮಗಳ ಮನೆಗೆ ದುಬೈಗೆ ಹೋಗುವಾಗ ಬಿಟ್ಟುಹೋದ ಹೋಲ್ಡಾಲು. ಸೋದರಮಾವ ವಿಜಯನಗರದಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ‘ಒಂದು ವಾರಕ್ಕೆ’ ಎಂದು ತಂದಿಟ್ಟ ರಟ್ಟಿನ ಡಬ್ಬ. ಅದರ ಮೇಲೆ ಅಂಟಿಸಿದ ಪೇಪರಿನಲ್ಲಿ ಕಪಿಲ್ ದೇವ್ ಕಪ್ಪು ಎತ್ತಿ ಹಿಡಿದಿದ್ದಾನೆ. ತಮ್ಮ ಅಮೆರಿಕಕ್ಕೆ ಹೊರಡುವಾಗ ಬಿಟ್ಟ ಇಂಜಿನಿಯರಿಂಗ್ ಪುಸ್ತಕಗಳು. ಎಲ್ಲರೂ ಇಡುವಾಗ ಹೇಳಿದ್ದು ಒಂದೇ ಮಾತು: ‘ಒಂದು ಪೆಟ್ಟಿಗೆ ತಾನೆ.’ ಅಮ್ಮ ಹೇಳಿದ್ದೂ ಒಂದೇ ಮಾತು: ‘ಇರಲಿ ಬಿಡಪ್ಪ.’ ಬ್ಯಾಂಕಿನಲ್ಲಿ ಒಂದು ದಿನ ತಡವಾದರೂ ಲಾಕರ್ ಬಾಡಿಗೆಗೆ ನೋಟೀಸು ಕಳಿಸುತ್ತಿದ್ದ ನಾನು, ಮನೆಯಲ್ಲಿ ಇಡೀ ವಂಶಕ್ಕೆ ಬಿಟ್ಟಿ ಲಾಕರ್ ನಡೆಸುತ್ತಿದ್ದೆ.

ಅಪ್ಪನ ಪಾಲೂ ಸಣ್ಣದಲ್ಲ. ಅವರು ಮೈಸೂರು ಲ್ಯಾಂಪ್ಸಿನಲ್ಲಿ ಇದ್ದವರು. 1936ರಲ್ಲಿ ಆರಂಭವಾದ ಆ ಕಾರ್ಖಾನೆ ನಿಂತು ಎಷ್ಟೋ ವರ್ಷಗಳಾದರೂ ಅದರ ಬಲ್ಬುಗಳ ಒಂದು ಪೆಟ್ಟಿಗೆ, ಒಣಹುಲ್ಲಿನ ನಡುವೆ, ಅಟ್ಟದಲ್ಲಿ ಸುಖವಾಗಿತ್ತು. ಎಸೆಯೋಣ ಎಂದರೆ ಅಮ್ಮ, ‘ಫ್ಯಾಕ್ಟ್ರಿನೇ ಇಲ್ಲ, ಇನ್ನೆಲ್ಲಿ ಸಿಗುತ್ತೋ ಅಂಥ ಬಲ್ಬು?’ ಎಂದಳು. ಕೆಟ್ಟಿರಬೇಕೆಂದು ಒಂದನ್ನು ಹಚ್ಚಿ ನೋಡಿದೆ. ಝಗ್ಗನೆ ಉರಿಯಿತು. ನಮ್ಮ ಎಲ್‌ಇಡಿ ಬಲ್ಬುಗಳು ವರ್ಷಕ್ಕೊಂದು ಸಾಯುವ ಮನೆಯಲ್ಲಿ, ನನ್ನ ಷಷ್ಟಿಪೂರ್ತಿಗಿಂತ ಹಳೆಯ, ಒಲೆಯಷ್ಟು ಬಿಸಿಯ ಆ ಬಲ್ಬು ಅಮ್ಮನ ಪರವಾಗಿ ಸಾಕ್ಷಿ ನುಡಿಯಿತು. ಷರಾ: ‘ಸುಸ್ಥಿತಿ. ವಿಲೇವಾರಿ ಅಸಾಧ್ಯ.’

ಆಮೇಲೆ ಅಪ್ಪನ ಫೈಲುಗಳು. ಕೆಇಬಿ ಬಿಲ್ಲಿಗೆ ಒಂದು ಫೈಲು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆದಾಗ ಇನ್ನೊಂದು. 2002ರಲ್ಲಿ ಬೆಸ್ಕಾಂ ಬಂದಾಗ ಮತ್ತೊಂದು. ಮಹಾನಗರ ಪಾಲಿಕೆಯ ಕಂದಾಯಕ್ಕೆ ಒಂದು. 2007ರಲ್ಲಿ ಪಾಲಿಕೆಗೆ ‘ಬೃಹತ್’ ಸೇರಿದಾಗ ದೊಡ್ಡದೊಂದು ಫೈಲು. 2025ರಲ್ಲಿ ಅದು ಐದು ಪಾಲಿಕೆಯಾಗಿ ಒಡೆಯುವುದನ್ನು ನೋಡಲು ಅಪ್ಪ ಇರಲಿಲ್ಲ. ಇದ್ದಿದ್ದರೆ ನಮಗೆ ಸಂಬಂಧವಿಲ್ಲದ ನಾಲ್ಕಕ್ಕೂ ಫೈಲು ಮಾಡಿಡುತ್ತಿದ್ದರು. ಸರ್ಕಾರ ಹೆಸರು ಬದಲಾಯಿಸಿ ತಪ್ಪಿಸಿಕೊಳ್ಳಬಹುದು, ರಸೀದಿ ಇರುವವನಿಂದ ಅಲ್ಲ ಎನ್ನುವುದು ಅವರ ಸಿದ್ಧಾಂತ.

ಹಾಲಿನಲ್ಲಿ ಮೂರು ರಾಶಿ ಮಾಡಿದೆ: ಇಡುವುದು, ಕೊಡುವುದು, ಬಿಸಾಡುವುದು. ಸಂಜೆಯೊಳಗೆ ನಾಲ್ಕನೆಯದೊಂದು ತಾನಾಗಿ ಹುಟ್ಟಿತು: ‘ನೋಡೋಣ’. ಬೆಳಿಗ್ಗೆ ಎದ್ದು ನೋಡಿದರೆ ಬಿಸಾಡುವ ರಾಶಿ ಕರಗಿ ‘ನೋಡೋಣ’ ರಾಶಿ ಬೆಳೆದಿರುತ್ತಿತ್ತು. ಯಾರ ಕೆಲಸವೆಂದು ಪತ್ತೆ ಮಾಡಲು ಒಂದು ರಾತ್ರಿ ಕತ್ತಲಲ್ಲಿ ಬಂದೆ. ನಮ್ಮಾಕೆ ಅಲ್ಲಿ ಕೂತು ‘ಬಭ್ರುವಾಹನ’ದ ವಿಡಿಯೋ ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ‘ಅದನ್ನ ಹಾಕೋಕೆ ವಿಸಿಆರೇ ಇಲ್ವಲ್ಲೇ?’ ಎಂದೆ. ‘ಕಂಠೀರವ ಸ್ಟುಡಿಯೋ ಪಕ್ಕದಲ್ಲೇ ಇದೆ, ಅಲ್ಲಿ ಅಣ್ಣಾವ್ರು ಮಲಗಿದ್ದಾರೆ. ಇಲ್ಲಿ ಕೂತ್ಕೊಂಡು ಅವರನ್ನ ಗುಜರಿಗೆ ಹಾಕ್ತೀರಾ?’ ಎಂದು ನನ್ನನ್ನೇ ಕೇಳಿದಳು. ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈ ಮೇಲೆ ಬಿತ್ತು. ಬಿಸಾಡುವ ರಾಶಿಯಿಂದ ಎತ್ತಿಕೊಳ್ಳಲೆಂದೇ ನಾನು ಬಂದಿದ್ದ ಎಚ್‌ಎಂಟಿ ಗಡಿಯಾರದ ಖಾಲಿ ಡಬ್ಬಿ ಆಗಲೇ ಅಂಗೈಯಲ್ಲಿತ್ತು. ಗಡಿಯಾರ ಯಾವತ್ತೋ ಕಳೆದಿದೆ, ಡಬ್ಬಿ ಮಾತ್ರ ಗಟ್ಟಿಮುಟ್ಟಾಗಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಮಲಗಲು ಹೋದೆವು.

ವಾರಸುದಾರರಿಗೇ ಒಪ್ಪಿಸೋಣವೆಂದು ಎಲ್ಲದರ ಫೋಟೋ ತೆಗೆದು ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ‘ಯಾರದು ಯಾವುದೋ ಬಂದು ತಗೊಂಡು ಹೋಗಿ’ ಎಂದು ಬರೆದೆ. ಹತ್ತೇ ನಿಮಿಷದಲ್ಲಿ ಗ್ರೂಪಿನಲ್ಲಿ ಕಣ್ಣೀರಿನ ಕೋಡಿ. ‘ಅಯ್ಯೋ ಅಜ್ಜಿಯ ಶಾವಿಗೆ ಒರಳು!’ ‘ಆ ಟ್ರಂಕಿನ ಮೇಲೆ ಕೂತು ನಾನು ಮಗ್ಗಿ ಕಲ್ತಿದ್ದು!’ ಎಲ್ಲರೂ ಕೈ ಮುಗಿದ, ಹೃದಯ ಒಡೆದ ಚಿಹ್ನೆ ಹಾಕಿದರು. ‘ಹಾಗಾದ್ರೆ ಯಾವಾಗ ಬರ್ತೀರಿ?’ ಎಂದು ಕೇಳಿದೆ. ಗ್ರೂಪು ನಿಶ್ಶಬ್ದ. ಕೊನೆಗೆ ಭಿಲಾಯಿಯ ಚಿಕ್ಕಪ್ಪ ಬರೆದರು: ‘ಎಂಥಾ ನೆನಪುಗಳು! ದಯವಿಟ್ಟು ಎಸೀಬೇಡ ಕಣೋ. ನೀನೇ ಇಟ್ಕೋ.’ ಅದಕ್ಕೆ ಎಲ್ಲರೂ ಹೆಬ್ಬೆರಳೆತ್ತಿದರು.

ಬಟ್ಟೆಯ ವಿಭಾಗ ನಮ್ಮಾಕೆಯದು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬೀದಿಯಲ್ಲಿ ಕೂಗಿದ್ದೇ ತಡ, ಜರಿ ಸೀರೆ, ನನ್ನ ಸಫಾರಿ ಸೂಟು ಎಲ್ಲವನ್ನೂ ಮೂಟೆ ಕಟ್ಟಿ ಗೇಟಿಗೆ ಒಯ್ದಳು. ಚೌಕಾಸಿ ಬಹಳ ಹೊತ್ತು ನಡೆಯಿತು. ಗೆದ್ದವಳು ನಮ್ಮಾಕೆಯೇ. ಒಂದು ಮೂಟೆ ಬಟ್ಟೆ ಹೋಯಿತು. ಎರಡು ಬೇಸಿನ್ನು, ಒಂದು ಕೊಡ, ಮುಚ್ಚಳವಿರುವ ನಾಲ್ಕು ಡಬ್ಬಿ ಒಳಬಂದವು. ‘ಬಟ್ಟೆ ಖಾಲಿ ಆಯ್ತು ನೋಡಿ’ ಎಂದು ಬೀಗಿದಳು. ರಿಜಿಸ್ಟರಿನಲ್ಲಿ ಹೊಸ ಏಳು ಕ್ರಮ ಸಂಖ್ಯೆ ಏರಿದವು.

ಪತ್ರಿಕೆಗಳ ವಿಭಾಗ ನನ್ನದು. ಗುಜರಿಯವನು ತಕ್ಕಡಿ ತೂಗುಹಾಕಿ ಕೂತ. ಅಪ್ಪ 1965ರಲ್ಲಿ ‘ಸುಧಾ’ ಶುರುವಾದಾಗಿನಿಂದ ಪೇರಿಸಿದವರು. ಪ್ರಜಾಮತ, ಕಸ್ತೂರಿ, ಮಯೂರ, ತರಂಗ ಎಲ್ಲವೂ ದಾರ ಕಟ್ಟಿದ ಕಟ್ಟುಗಳಲ್ಲಿದ್ದವು. ಒಂದು ಕಟ್ಟು ಬಿಚ್ಚಿ ಧಾರಾವಾಹಿಯ ಒಂದು ಕಂತು ಓದಿದೆ. ಮುಂದಿನ ವಾರದ ಸಂಚಿಕೆ ತಕ್ಕಡಿಯಲ್ಲಿತ್ತು, ತೆಗೆದುಕೊಂಡೆ. ಅದರ ಮುಂದಿನದು ಮೂಟೆಯಲ್ಲಿತ್ತು, ಬಿಚ್ಚಿಸಿದೆ. ‘ಸಾರ್, ನೀವು ಮಾರ್ತಿದೀರೋ, ಓದ್ತಿದೀರೋ?’ ಎಂದ ಅವನು. ನಡುವೆ ‘ಕೊರವಂಜಿ’ಯ ಕೆಲವು ಸಂಚಿಕೆಗಳು ಸಿಕ್ಕವು. ರಾ.ಶಿ. ವೈದ್ಯ ವೃತ್ತಿಯ ಜೊತೆಗೇ 1942ರಿಂದ 1967ರವರೆಗೆ ನಡೆಸಿದ ಹಾಸ್ಯ ಮಾಸಿಕ, ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದ ಪತ್ರಿಕೆ. ಅದನ್ನು ತೂಕಕ್ಕೆ ಕೊಡುವುದುಂಟೇ? ಲೈಬ್ರರಿಯೊಂದಕ್ಕೆ ದಾನ ಮಾಡಲು ಆಟೋದಲ್ಲಿ ಹೋದೆ. ಅಲ್ಲಿನವರು ಭಕ್ತಿಯಿಂದ ಮುಟ್ಟಿ ನೋಡಿ, ‘ಅಪರೂಪದ್ದು ಸಾರ್, ಮನೇಲಿ ಭದ್ರವಾಗಿಡಿ. ಇಲ್ಲಿ ಸೋರುತ್ತೆ’ ಎಂದರು. ಆಟೋದವನು ವಾಪಸು ಬರುವಾಗ ಮೀಟರಿನ ಮೇಲೆ ಇಪ್ಪತ್ತು ಕೇಳಿದ. ಗುಜರಿಯವನಿಂದ ನನಗೆ ಬಂದ ದುಡ್ಡು, ಹೆಚ್ಚಿನ ಪಾಲು ತೊಳೆದು ಮಡಚಿದ ನಂದಿನಿ ಹಾಲಿನ ಕವರುಗಳದ್ದು, ಆ ಆಟೋಗೇ ಸರಿಹೋಯಿತು.

ಒರಳುಕಲ್ಲಿನದು ದೊಡ್ಡ ಕಥೆ. ಹಿತ್ತಲಿನಲ್ಲಿ ಹೂತುಕೊಂಡು ಕೂತಿದ್ದ ಅದನ್ನು ಯಾರೂ ಪುಕ್ಕಟೆ ಒಯ್ಯಲೂ ಒಪ್ಪಲಿಲ್ಲ. ಕೊನೆಗೆ ಇಬ್ಬರು ಕೂಲಿಯವರಿಗೆ ದುಡ್ಡು ಕೊಟ್ಟು ಎತ್ತಿಸಿ ಟೆಂಪೋಗೆ ಹಾಕಿಸಿದೆ. ಅದರ ರುಬ್ಬುಗುಂಡನ್ನೂ ಹಾಕಲು ಹೋದರೆ ಅಮ್ಮ ಗೇಟಿಗೆ ಅಡ್ಡ ನಿಂತಳು.

‘ಅದು ನಿನ್ನ ಅಣ್ಣ ಕಣೋ!’

ಕೂಲಿಯವರು ನನ್ನನ್ನೂ ಗುಂಡನ್ನೂ ಮತ್ತೆ ಮತ್ತೆ ನೋಡಿದರು. ವಿಷಯ ಇಷ್ಟೇ: ನಾಮಕರಣದಲ್ಲಿ ಮಗುವಿಗಿಂತ ಮೊದಲು ರುಬ್ಬುಗುಂಡನ್ನು ಅಲಂಕರಿಸಿ, ಗುಂಡಪ್ಪನೆಂದು ತೊಟ್ಟಿಲಿಗೆ ಹಾಕುವ ಶಾಸ್ತ್ರ ನಮ್ಮಲ್ಲಿದೆ. ನನ್ನ ತೊಟ್ಟಿಲಲ್ಲಿ ನನಗಿಂತ ಮುಂಚೆ ಮಲಗಿದವನು ಈ ಗುಂಡಪ್ಪ. ನನ್ನ ತಮ್ಮನ ತೊಟ್ಟಿಲಲ್ಲೂ ಅವನೇ, ಮಗಳ ತೊಟ್ಟಿಲಲ್ಲೂ ಅವನೇ. ‘ನಿಮ್ಮೆಲ್ಲರಿಗಿಂತ ಹಿರಿಯ. ಒಂದು ದಿನ ಎದುರು ಮಾತಾಡಿದವನಲ್ಲ, ಅಮೆರಿಕಕ್ಕೆ ಹೋದವನಲ್ಲ’ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಒರಳು ಹೋಯಿತು, ಗುಂಡು ಉಳಿಯಿತು. ರುಬ್ಬಲು ಬಾರದ ಆ ಗುಂಡಪ್ಪನಿಗೆ ರಿಜಿಸ್ಟರಿನಲ್ಲಿ ‘ಕುಟುಂಬದ ಸದಸ್ಯ’ ಎಂದು ಷರಾ ಬರೆದೆ.

ಇನ್ನು ದೇವರ ಪಟಗಳು. ಸಾಮಾನಿಗೆ ಗುಜರಿಯವನುಂಟು, ದೇವರಿಗೆ ಯಾರು? ಗೆದ್ದಲು ಹಿಡಿದ ಚೌಕಟ್ಟು, ಒಡೆದ ಗಾಜು, ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಲಕ್ಷ್ಮಿಯರು. ಇಂಥವನ್ನು ಅರಳಿಕಟ್ಟೆಯಲ್ಲಿಟ್ಟು ಹಿಂದಿರುಗಿ ನೋಡದೆ ಬರುವುದು ಬೆಂಗಳೂರಿನ ಅಲಿಖಿತ ಪದ್ಧತಿ. ಆದರೆ ಕಾಲ ಕೆಟ್ಟಿತ್ತು. 2025ರ ಅಕ್ಟೋಬರ್ ಕೊನೆಯಲ್ಲಿ ಕಸ ನಿರ್ವಹಣೆಯವರು, ಬೀದಿಯಲ್ಲಿ ಕಸ ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿಯುವ ‘ಕಸ ಸುರಿಯುವ ಹಬ್ಬ’ವನ್ನೇ ಆಚರಿಸಿದ್ದರು. ಎಸೆಯುವವರ ವಿಡಿಯೋ ಕಳಿಸಿದರೆ 250 ರೂಪಾಯಿ ಬಹುಮಾನವೆಂದೂ ಸುದ್ದಿಯಾಗಿತ್ತು. ನಾನು ಮಬ್ಬುಗತ್ತಲಲ್ಲಿ ಮಂಕಿಕ್ಯಾಪು ಹಾಕಿ, ಪಟಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಹೊರಟೆ. ದೇವರನ್ನು ಕದ್ದು ತರುವವನೂ ನನ್ನಷ್ಟು ಹೆದರಿರಲಾರ.

ಕಟ್ಟೆಯ ಮೇಲೆ ಗಂಟು ಇಳಿಸುತ್ತಿದ್ದಂತೆ ಮರದ ಹಿಂದಿನಿಂದ ಮೊಬೈಲಿನ ಬೆಳಕು ಬಿತ್ತು. ವಾಕಿಂಗಿಗೆ ಬಂದ ಹುಡುಗನೊಬ್ಬ ನನ್ನನ್ನು ಚಿತ್ರೀಕರಿಸುತ್ತಿದ್ದ. ‘ಕಸ ಅಲ್ಲಪ್ಪಾ, ದೇವರು!’ ಎಂದೆ. ‘ಅಂಕಲ್, ಸ್ವಲ್ಪ ಈ ಕಡೆ ತಿರುಗಿ’ ಎಂದ. 250 ರೂಪಾಯಿಗೆ ಮುಖ ಸರಿಯಾಗಿ ಬೀಳಬೇಕಲ್ಲ. ಗಲಾಟೆ ಕೇಳಿ ಕಟ್ಟೆಯ ಪಕ್ಕದ ಗುಡಿಯ ಅರ್ಚಕರು ಬಂದರು. ನನ್ನ ಪರವಾಗಿ ಮಾತಾಡುವರೆಂದು ಅಡ್ಡಬಿದ್ದೆ. ಅವರು ಎದೆ ತುಂಬ ಉಸಿರೆಳೆದುಕೊಂಡು ಕಟ್ಟೆಯ ಸುತ್ತ ಕೈ ತೋರಿಸಿದರು. ಅಲ್ಲಿ ನಮ್ಮ ಬಡಾವಣೆಯಲ್ಲಿ ಈಚೆಗೆ ಒಡೆದ ಮನೆಗಳ ದೇವತೆಗಳೆಲ್ಲ ಸಾಲಾಗಿ ಒರಗಿದ್ದರು. ‘ನೋಡಿ ಸ್ವಾಮಿ, ನಿಮ್ಮಂಥ ಭಕ್ತರಿಂದ ಪ್ರದಕ್ಷಿಣೆಗೇ ಜಾಗವಿಲ್ಲ. ನಿಮ್ಮದು ವಾಪಸು ಒಯ್ಯಿರಿ. ಹಾಗೇ ಪುಣ್ಯ ಬರುತ್ತೆ, ಈ ನಾಲ್ಕನ್ನೂ ತಗೊಳ್ಳಿ.’ ಹುಡುಗ ಕ್ಯಾಮರಾ ಇಳಿಸಿರಲಿಲ್ಲ. ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಅಮ್ಮ ಬಾಗಿಲು ತೆಗೆದು ಗಂಟು ಬಿಚ್ಚಿ, ಅರ್ಚಕರು ದಯಪಾಲಿಸಿದ ಸತ್ಯನಾರಾಯಣನ ದೊಡ್ಡ ಪಟ ನೋಡಿ, ‘ಇದು ಎಲ್ಲಿತ್ತೋ? ಎಷ್ಟು ಚೆನ್ನಾಗಿದೆ!’ ಎಂದು ಮೊಳೆ ಹುಡುಕಲು ಹೋದಳು.

ಇಷ್ಟರ ನಡುವೆ ವಕೀಲರ ಕಡೆಯಿಂದ ಕರೆ ಬಂತು: ದಾಖಲೆ ತನ್ನಿ. ಅಪ್ಪನ ಫೈಲುಗಳ ಕಾಲ ಬಂತೆಂದು ನನ್ನ ಎದೆ ಉಬ್ಬಿತು. ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಹೋಗಿ ಅವರ ಮೇಜಿನ ಮೇಲೆ ಗೋಪುರ ಕಟ್ಟಿದೆ. ಅವರು ಗೋಪುರದ ಆಚೆಯಿಂದ ಇಣುಕಿ ಹೇಳಿದರು: ‘ಹಂಚಿಕೆ ಪತ್ರ, ಕ್ರಯಪತ್ರ, ಇಸಿ, ಕಂದಾಯ ಕಟ್ಟಿದ ರಸೀದಿ. ಮುಖ್ಯವಾಗಿ ಇ–ಖಾತಾ. 2024ರ ಅಕ್ಟೋಬರಿನಿಂದ ಅದಿಲ್ದೆ ರಿಜಿಸ್ಟ್ರೇಷನ್ ಇಲ್ಲ. ಈ ಕೆಇಬಿ ಬಿಲ್ಲುಗಳು ಯಾಕೆ ಸಾರ್?’ ಅವರಿಗೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಿಡಿಯಿತು. ಮಿಕ್ಕಿದ್ದನ್ನು ಮತ್ತೆ ಆಟೋದಲ್ಲಿ ಹೇರಿದೆ. ಇಷ್ಟು ಹೊತ್ತಿಗೆ ನಮ್ಮ ಸ್ಟ್ಯಾಂಡಿನ ಆಟೋದವರಿಗೆ ನಾನು ಪರಿಚಿತ. ‘ಇವತ್ತು ಹೋಗೋದು ಮಾತ್ರಾನಾ ಸಾರ್, ವಾಪಸ್ ತರೋದೂ ಇದ್ಯಾ?’ ಎಂದು ಮೊದಲೇ ಕೇಳುತ್ತಿದ್ದರು.

ಹೇಗೋ, ಉಳಿದದ್ದನ್ನೆಲ್ಲ ಮಂಚದ ಕೆಳಗೆ, ಬಚ್ಚಲಿನ ಹಂಡೆಯೊಳಗೆ, ಪಕ್ಕದ ಮನೆಯವರ ಗ್ಯಾರೇಜಿನಲ್ಲಿ ಅಡಗಿಸಿ, ಕೊಳ್ಳುವವರು ಬರುವ ಹೊತ್ತಿಗೆ ಮನೆ ಖಾಲಿ ಕಾಣುವಂತೆ ಮಾಡಿದೆವು. ಸುಣ್ಣ–ಬಣ್ಣ ಆಯಿತು. ರೆಡ್ ಆಕ್ಸೈಡ್ ನೆಲಕ್ಕೆ ನಮ್ಮಾಕೆ ತೆಂಗಿನೆಣ್ಣೆ ಹಚ್ಚಿ ಮುಖ ಕಾಣುವಂತೆ ಉಜ್ಜಿದಳು. ಈಶಾನ್ಯದಲ್ಲಿ ಒಂದು ಕಡ್ಡಿಯೂ ಇರಲಿಲ್ಲ.

ಕೊಳ್ಳುವವರು ಶ್ರೀರಾಮಪುರದ ಕೂಡುಕುಟುಂಬದ ಯಜಮಾನರು. ಬಂದವರು ಗೇಟಿನಲ್ಲೇ ನಿಂತರು. ಒಬ್ಬ ಹುಡುಗ ಟೇಪು ಹಿಡಿದು ರಸ್ತೆಯ ಅಗಲ ಅಳೆದ. ಇನ್ನೊಬ್ಬ ಎರಡೂ ಪಕ್ಕದ ಕಾಂಪೌಂಡು ಅಳೆದ. ಯಜಮಾನರು ಆಕಾಶ ನೋಡಿ, ಎಷ್ಟು ಫ್ಲೋರು ಏಳಬಹುದೆಂದು ಬೆರಳೆಣಿಸಿದರು. ‘ಒಳಗೆ ಬನ್ನಿ, ನೆಲ ನೋಡಿ’ ಎಂದು ನಾನು ಅಂಗಲಾಚಿದೆ. ಬ್ರೋಕರ್ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದ: ‘ಸಾರ್, ಬಿಲ್ಡಿಂಗ್ ಲೆಕ್ಕಕ್ಕೇ ಇಲ್ಲ. ಇಲ್ಲೆಲ್ಲಾ ಸೈಟ್ ರೇಟು ಅಷ್ಟೇ. ಹೇಗೂ ಒಡೀತಾರೆ.’

‘ಮತ್ತೆ ಖಾಲಿ ಖಾಲಿಯಾಗಿ ಕಾಣ್ಬೇಕು ಅಂದ್ಯಲ್ಲಪ್ಪ?’

‘ಅದು ಎಲ್ಲರಿಗೂ ಹೇಳ್ತೀನಿ ಸಾರ್. ಒಳ್ಳೇದೇ ಅಲ್ವಾ?’

ಒಳಗೆ ಬಂದವನು ಅವರ ಜೊತೆಗಿದ್ದ ಮನೆ ಒಡೆಯುವ ಕಂಟ್ರಾಕ್ಟರ್ ಒಬ್ಬನೇ. ಅವನು ಬಾಗಿಲಿಗೆ ಬೆರಳಿನಿಂದ ಟಕಟಕ ಬಡಿದು ‘ಬರ್ಮಾ ತೇಗ’ ಎಂದ, ಕಿಟಕಿ ಸರಳನ್ನು ಅಲ್ಲಾಡಿಸಿದ, ಹಿತ್ತಲಿಗೆ ಹೋಗಿ ನೆಲದಲ್ಲಿನ ಗುಂಡಿ ನೋಡಿದ. ‘ಇಲ್ಲೊಂದು ಒರಳುಕಲ್ಲು ಇತ್ತಲ್ವಾ ಸಾರ್? ಎಲ್ಲಿ? ಸಕಲೇಶಪುರದ ಕಡೆ ಹೋಂಸ್ಟೇನವರು ಒಳ್ಳೇ ರೇಟಿಗೆ ತಗೊಳ್ತಾರೆ, ತುಳಸಿ ಕಟ್ಟೆ ಮಾಡ್ತಾರೆ.’ ದುಡ್ಡು ಕೊಟ್ಟು ಅದನ್ನು ಸಾಗಹಾಕಿದ್ದೇನೆಂದು ಹೇಳಲು ಬಾಯಿ ಬರಲಿಲ್ಲ. ‘ಗುಂಡು ಇದೆ’ ಎಂದೆ. ‘ಬರೀ ಗುಂಡು ಯಾರಿಗೆ ಬೇಕು ಸಾರ್’ ಎಂದು ಅವನು ಹೊರಟ. ಅಮ್ಮ ಹಿಂದಿನಿಂದ, ‘ನಮಗೆ ಬೇಕು’ ಎಂದಳು.

ರಿಜಿಸ್ಟ್ರೇಷನ್ ಮುಗಿಯಿತು. ‘ಸದರಿ ಸ್ವತ್ತನ್ನು ಖಾಲಿ ಮಾಡಿ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ’ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕುವಾಗ ನಮ್ಮಾಕೆ ಕೆಮ್ಮಿದಳು. ಕೀಲಿ ಕೊಡುವ ದಿನ ಶ್ರೀರಾಮಪುರದಿಂದ ಯಜಮಾನರ ತಾಯಿಯೂ ಬಂದರು. ಇಡೀ ಮನೆಯಲ್ಲಿ ಅವರು ಮೆಚ್ಚಿದ್ದು ಒಂದನ್ನೇ. ಕತ್ತೆತ್ತಿ ನೋಡಿ, ‘ಅಟ್ಟ ಚೆನ್ನಾಗಿ ಕಟ್ಸಿದ್ದಾರೆ ನಿಮ್ಮ ಯಜಮಾನ್ರು’ ಎಂದು ಅಮ್ಮನಿಗೆ ಹೇಳಿದರು. ಪ್ಲಾನ್ ಮಂಜೂರಾಗಿ ಮನೆ ಒಡೆಯುವುದಕ್ಕೆ ಇನ್ನೂ ಸಮಯವಿದೆಯಂತೆ. ಅಲ್ಲಿಯವರೆಗೆ ಅವರ ಮನೆಯ ಸಾಮಾನು ಸ್ವಲ್ಪ ಇಲ್ಲಿರಲಿ ಎಂದು ತಂದಿದ್ದಾರಂತೆ. ಹೊರಗೆ ನೋಡಿದೆ. ಗೇಟಿನ ಮುಂದೆ ಟೆಂಪೋ ನಿಂತಿತ್ತು. ಅದರಲ್ಲಿ ಎರಡು ತಾಮ್ರದ ಹಂಡೆ, ಕಬ್ಬಿಣದ ಟ್ರಂಕುಗಳು, ಒಂದು ತೊಟ್ಟಿಲು, ಒಂದು ಒರಳುಕಲ್ಲು.

ನಮ್ಮ ಕಡೆ ಉಳಿದದ್ದು ದಸರಾ ಗೊಂಬೆಗಳ ಪೆಟ್ಟಿಗೆ. ಕೆಂಗೇರಿಯ ಫ್ಲಾಟಿನಲ್ಲಿ ಎಲ್ಲೆಲ್ಲಿ ತುರುಕಿದರೂ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ನಮ್ಮಾಕೆ ಮೆಲ್ಲನೆ ಆ ತಾಯಿಯ ಹತ್ತಿರ ಹೋದಳು. ‘ಅಮ್ಮಾ, ನೀವು ಹೇಗೂ ಒಡೆಯೋವರೆಗೆ ಇಟ್ಕೊಂಡಿರ್ತೀರಿ. ನಮ್ಮದೊಂದು…’

‘ಇರಲಿ ಬಿಡಮ್ಮ’ ಎಂದರು ಅವರು. ‘ಒಂದು ಪೆಟ್ಟಿಗೆ ತಾನೆ.’

ನಾನು ರಿಜಿಸ್ಟರ್ ತೆಗೆದು ಗೊಂಬೆ ಪೆಟ್ಟಿಗೆಯ ಎದುರು ‘ವಿಲೇವಾರಿ’ ಕಾಲಮ್ಮಿನಲ್ಲಿ ಏನು ಬರೆಯುವುದೆಂದು ಯೋಚಿಸುತ್ತಿದ್ದೆ. ಆ ತಾಯಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. ಕಾಲಮ್ಮುಗಳ ಮೇಲೆ ಬೆರಳಾಡಿಸಿದರು. ‘ಎಷ್ಟು ಚೊಕ್ಕವಾಗಿದೆಯಪ್ಪ! ಇನ್ನೂ ಅರ್ಧ ಹಾಳೆ ಖಾಲಿ ಇದೆಯಲ್ಲ. ಈ ಪುಸ್ತಕ ಇಲ್ಲೇ ಬಿಟ್ಟು ಹೋಗಿ, ನಮಗೆ ಬೇಕಾಗುತ್ತೆ’ ಎಂದರು. ನಮ್ಮ ಮನೆಯಲ್ಲಿದ್ದ ಎಲ್ಲದರ ಪೈಕಿ ಯಾರಾದರೂ ತಾವಾಗಿಯೇ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಖುಷಿಯಿಂದ ಕೊಟ್ಟೆ. ಬ್ಯಾಂಕಿನವನಲ್ಲವೇ, ಕೊಟ್ಟಿದ್ದಕ್ಕೆ ರಸೀದಿಯನ್ನೂ ಬರೆಸಿಕೊಂಡೆ. ಆ ರಸೀದಿಗೆಂದು ಕೆಂಗೇರಿಯಲ್ಲಿ ಮೊನ್ನೆ ಹೊಸ ಫೈಲು ಕೊಂಡೆ. ಅಂಗಡಿಯವನು ಐದು ತಗೊಂಡರೆ ಒಂದು ಫ್ರೀ ಅಂದ, ಆರು ತಂದಿದ್ದೇನೆ.